ಐವತ್ತರ ಊಟ, ಎಪ್ಪತ್ತರ ನಡಿಗೆ



ಶಿವಮೊಗ್ಗದ ನಿಲ್ದಾಣದಲ್ಲಿ ಭದ್ರಾವತಿ ಬಸ್ಸು ಬಂದು ನಿಂತಾಗ ಒಂದು ಕ್ಷಣ ಗಮನಿಸಿ. ಎಪ್ಪತ್ತರ ಹಿರಿಯರೊಬ್ಬರು ಕೈಚೀಲ ಹಿಡಿದು ಸಲೀಸಾಗಿ ಮೆಟ್ಟಿಲು ಹತ್ತುತ್ತಾರೆ. ಅದೇ ಪ್ರಾಯದ ಇನ್ನೊಬ್ಬರಿಗೆ ಕಂಡಕ್ಟರು ರಟ್ಟೆ ಹಿಡಿದು ಎತ್ತಬೇಕು. ಇಬ್ಬರಿಗೂ ಹೇಳಿಕೊಳ್ಳುವಂಥ ಕಾಯಿಲೆ ಇಲ್ಲದಿರಬಹುದು. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು? ಹಣೆಬರಹ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ನಲವತ್ತು, ಐವತ್ತರ ಪ್ರಾಯದಲ್ಲಿ ತಟ್ಟೆಯಲ್ಲಿ ಏನಿತ್ತು ಎಂಬುದಕ್ಕೂ ಇದರಲ್ಲಿ ಪಾಲಿದೆ.

ಮೇಲುಗೊಬ್ಬರ ಯಾವಾಗ?

ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೇಲುಗೊಬ್ಬರವನ್ನು ತೆನೆ ಹೊರಡುವ ಮೊದಲೇ ಕೊಡಬೇಕು. ಕಾಳು ಜೊಳ್ಳಾದ ಮೇಲೆ ಯೂರಿಯಾ ಸುರಿದು ಫಲವಿಲ್ಲ. ದೇಹದ್ದೂ ಹೆಚ್ಚು ಕಡಿಮೆ ಇದೇ ರೀತಿ. ನಲವತ್ತರ ಆಸುಪಾಸಿನಿಂದ ಮಾಂಸಖಂಡ ಸದ್ದಿಲ್ಲದೆ ಕರಗತೊಡಗುತ್ತದೆ. ಅರವತ್ತರ ನಂತರ ಅದು ಚುರುಕಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಮೂಳೆಯೂ ಬೇಗ ಸವೆಯುತ್ತದೆ.

ಮುಪ್ಪಿನ ನಿಶ್ಶಕ್ತಿಯನ್ನು ಗುರುತಿಸಲು ವೈದ್ಯರು ಐದು ಲಕ್ಷಣ ನೋಡುತ್ತಾರೆ: ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಸುಸ್ತು, ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಕಂಡರೆ ಎಚ್ಚರ ವಹಿಸಬೇಕು. ಇಂಥವರು ಅಂಗಳದಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ಏಳುವುದು ಕಷ್ಟ.

ಅಮೆರಿಕದಲ್ಲಿ ದಾದಿಯರು ಮತ್ತು ಇತರ ವೈದ್ಯಕೀಯ ವೃತ್ತಿಯವರು ಸೇರಿ 1 ಲಕ್ಷ 5 ಸಾವಿರ ಜನರ ಊಟವನ್ನು 30 ವರ್ಷಗಳವರೆಗೆ ಗಮನಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ದೊಡ್ಡ ಕಾಯಿಲೆ ಇಲ್ಲದೆ, ಕೈಕಾಲು, ಬುದ್ಧಿ, ಮನಸ್ಸು ಗಟ್ಟಿಯಾಗಿದ್ದು 70 ಮುಟ್ಟಿದವರು ನೂರಕ್ಕೆ ಹತ್ತು ಜನರೂ ಇರಲಿಲ್ಲ. ನಡುವಯಸ್ಸಿನಲ್ಲಿ ಸೊಪ್ಪು, ತರಕಾರಿ, ಹಣ್ಣು, ಬೇಳೆಕಾಳು, ತೌಡು ತೆಗೆಯದ ಧಾನ್ಯ ಹೆಚ್ಚು ತಿಂದವರಲ್ಲಿ ಇಂಥವರ ಪ್ರಮಾಣ ಹೆಚ್ಚಾಗಿತ್ತು. ಊಟವೊಂದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಅಲಕ್ಷಿಸುವ ಮಾತಲ್ಲ.

ನಮ್ಮ ತಟ್ಟೆಯ ಲೆಕ್ಕ

ನೀರಾವರಿ ಬಂದ ಕಡೆ ಅನ್ನ ಹೆಚ್ಚಿತು. ಅನೇಕ ಮನೆಗಳಲ್ಲಿ ರಾಗಿ, ಹುರುಳಿ ಹಿಂದೆ ಸರಿದವು. ಅನ್ನ ಕೆಟ್ಟದ್ದೆಂದಲ್ಲ, ಅನ್ನವೊಂದೇ ಸಾಲದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು.

ಸಸಾರಜನಕದ ಲೆಕ್ಕವನ್ನೂ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಬೇಕು. ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. 300 ಗ್ರಾಂ ಅಕ್ಕಿಯಿಂದ ಸುಮಾರು 24 ಗ್ರಾಂ ಸಿಗುತ್ತದೆ. 50 ಗ್ರಾಂ ಹುರುಳಿಯಿಂದ 11, ಕಾಲು ಲೀಟರ್ ಹಾಲಿನಿಂದ 8, ಒಂದು ಮೊಟ್ಟೆಯಿಂದ 6. ಅಲ್ಲಿಗೆ ಲೆಕ್ಕ ಸರಿಹೋಯಿತು. ಮೊಟ್ಟೆ ತಿನ್ನದವರು ಇನ್ನೊಂದು ಹಿಡಿ ಕಾಳು ಸೇರಿಸಲಿ. ಹುರುಳಿಯ ಕಟ್ಟನ್ನಷ್ಟೇ ಸಾರು ಮಾಡಿ, ಬೆಂದ ಕಾಳನ್ನು ಎತ್ತಿಗೆ ಹಾಕುವ ಮನೆಗಳಿವೆ. ಕಾಳನ್ನು ನೀವೂ ತಿನ್ನಿ.

ಹಿತ್ತಿಲ ನುಗ್ಗೆ, ಬಸಳೆ, ಹೊನಗೊನೆ, ಬದುವಿನ ಒಂದೆಲಗಕ್ಕೆ ಕಾಸು ಕೊಡಬೇಕಾಗಿಲ್ಲ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಿರಲಿ. ಸಿಹಿಮೂತ್ರ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ಎರಡು ಕಹಿ ಮಾತು

ಮೊದಲನೆಯದು: ಮನೆಯಲ್ಲಿ ಕೊನೆಗೆ ಉಣ್ಣುವವರು ಹೆಂಗಸರು. ಹಾಲು ಡೇರಿಗೆ, ಮೊಟ್ಟೆ ಮಕ್ಕಳಿಗೆ, ತಳದ ತಿಳಿಸಾರು ಮನೆಯೊಡತಿಗೆ. ಮುಂದೆ ಮೂಳೆ ಸವೆದು ಬೆನ್ನು ಬಾಗುವುದೂ ಅವರದೇ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಯಾರ ತಟ್ಟೆಯಲ್ಲಿ ಏನಿಲ್ಲವೆಂದು ಆಗ ಕಣ್ಣಿಗೆ ಬೀಳುತ್ತದೆ.

ಎರಡನೆಯದು: ಅಡಿಕೆ ನಮಗೆ ಅನ್ನ ಕೊಡುವ ಬೆಳೆ, ನಿಜ. ಆದರೆ ದಿನವಿಡೀ ಜಗಿದರೆ ಹಲ್ಲು, ಒಸಡು ಕೆಡುತ್ತವೆ. ಬಾಯಿಯ ಕ್ಯಾನ್ಸರಿಗೂ ಅದು ದಾರಿ. ಹಲ್ಲು ಹೋದವರು ಕಾಳು, ತರಕಾರಿ ಬಿಟ್ಟು ಗಂಜಿಗೆ ಇಳಿಯುತ್ತಾರೆ. ಅಲ್ಲಿಂದ ಸೊರಗುವುದು ಆರಂಭ.

ಇಂದೇ ಪರೀಕ್ಷಿಸಿ

ಎದೆಯ ಮೇಲೆ ಕೈಕಟ್ಟಿ, ಗಟ್ಟಿಯಾದ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಿ. ಪಕ್ಕದಲ್ಲಿ ಒಬ್ಬರು ಗಡಿಯಾರ ಹಿಡಿದು ನಿಂತಿರಲಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿರಬಹುದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಟಿಲ್ಲರ್, ಬೈಕು ಬಂದ ಮೇಲೆ ನಮ್ಮ ನಡಿಗೆಯೂ ಕಡಿಮೆಯಾಗಿದೆ. ಊಟದ ಜೊತೆಗೆ ಕಾಲಿಗೂ ಕೆಲಸ ಬೇಕು.

ವಿಶ್ವೇಶ್ವರಯ್ಯನವರು 1923ರಲ್ಲಿ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಹೊಣೆ ಹೊತ್ತಾಗ ಅವರಿಗೆ 60 ದಾಟಿತ್ತು. 1962ರಲ್ಲಿ ತೀರಿಕೊಂಡಾಗ ನೂರು ತುಂಬಿತ್ತು. ಎಲ್ಲರಿಗೂ ಅಷ್ಟು ಆಯುಸ್ಸು ಸಿಗಲಾರದು. ಆದರೆ ಇದ್ದಷ್ಟು ದಿನ ನಮ್ಮ ಗದ್ದೆಯ ಬದುವಿನ ಮೇಲೆ ನಮ್ಮ ಕಾಲಿನಲ್ಲೇ ನಡೆಯಬೇಕೆಂಬ ಆಸೆ ಯಾರಿಗಿಲ್ಲ? ನಿಮಗೆ ಈಗ ಎಪ್ಪತ್ತಾಗಿದ್ದರೂ ನಿರಾಶರಾಗಬೇಡಿ. ದೇಹ ಭತ್ತಕ್ಕಿಂತ ಉದಾರಿ. ತಡವಾಗಿ ಕೊಟ್ಟ ಗೊಬ್ಬರವನ್ನೂ ಅಷ್ಟಿಷ್ಟು ಹೀರಿಕೊಳ್ಳುತ್ತದೆ. ನಲವತ್ತರವರು ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಇಂದು ರಾತ್ರಿಯ ಊಟಕ್ಕೆ ಒಂದು ಹಿಡಿ ಕಾಳು ನೆನೆಹಾಕಿ.