ಶಿಲಾರಸ ಬಿಟ್ಟುಕೊಟ್ಟ ನೀರು

1860ರಲ್ಲಿ ಅಮೆರಿಕದ ಕೊಲರಾಡೊ ಪರ್ವತಗಳ ನಡುವಿನ ಕಣಿವೆಯೊಂದರಲ್ಲಿ ಚಿನ್ನ ಸಿಕ್ಕಿತು. ಹೊಳೆಯ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದವರಿಗೆ ಕಪ್ಪನೆಯ, ಭಾರವಾದ ಮರಳೊಂದು ತೊಟ್ಟಿಗಳ ತಳದಲ್ಲಿ ಕಟ್ಟಿಕೊಂಡು ಕಾಟ ಕೊಡುತ್ತಿತ್ತು. ವರ್ಷಗಟ್ಟಲೆ ಅದನ್ನು ಬಯ್ಯುತ್ತ ಆಚೆ ಎಸೆದರು. 1870ರ ದಶಕದಲ್ಲಿ ಯಾರೋ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಬೆಳ್ಳಿ ಬೆರೆತ ಸೀಸದ ಅದಿರು ಇರುವುದು ತಿಳಿಯಿತು. ಸುಮಾರು 3,100 ಮೀಟರ್ ಎತ್ತರದಲ್ಲಿ ಲೆಡ್‌ವಿಲ್ ಎಂಬ ಗಣಿ ಪಟ್ಟಣ ಎದ್ದುನಿಂತಿತು.

ಇಷ್ಟು ಸೀಸ, ಸತು, ಬೆಳ್ಳಿ ಅಲ್ಲಿ ಹೇಗೆ ಸೇರಿತು? ಭೂವಿಜ್ಞಾನಿ ಸ್ಯಾಮ್ಯುಯೆಲ್ ಎಮನ್ಸ್ 1886ರ ತನ್ನ ದೊಡ್ಡ ಗ್ರಂಥದಲ್ಲಿ, ಅಕ್ಕಪಕ್ಕದ ಪೋರ್ಫಿರಿ ಎಂಬ ಅಗ್ನಿಶಿಲೆಗಳಿಂದ ಲೋಹವನ್ನು ಕರಗಿಸಿಕೊಂಡ ನೀರು ಮೇಲಿನಿಂದ ಇಳಿದು ಬಂದಿತೆಂದು ವಾದಿಸಿದ. ಮುಂದಿನವರು ದಿಕ್ಕನ್ನೇ ತಿರುಗಿಸಿದರು: ನೀರು ಬಂದದ್ದು ಕೆಳಗಿನಿಂದ, ತಣಿಯುತ್ತಿದ್ದ ಶಿಲಾರಸದಿಂದ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಶಿಲಾರಸದ ಸಾಮಾನ್ಯತೆ. ಅದರಲ್ಲಿ ಲೋಹ ತುಂಬಿ ತುಳುಕಬೇಕಿಲ್ಲ. ಭೂಚಿಪ್ಪಿನ ಒಂದು ಟನ್ ಕಲ್ಲಿನಲ್ಲಿ ಸರಾಸರಿ ಸುಮಾರು 70 ಗ್ರಾಂ ಸತು, 15 ಗ್ರಾಂ ಸೀಸ ಇರುತ್ತದೆ. ಗಣಿಗಾರಿಕೆ ಲಾಭದಾಯಕವಾಗಲು ಹತ್ತಾರು ಕಿಲೋ ಬೇಕು. ಆ ಅಂತರವನ್ನು ತುಂಬುವುದು ನೀರು. ಶಿಲಾರಸದಲ್ಲಿ ಕರಗಿರುವ ನೀರು, ಶಿಲಾರಸ ಮೇಲೇರಿ ಒತ್ತಡ ಇಳಿದಾಗಲೂ ಹರಳುಗಟ್ಟತೊಡಗಿದಾಗಲೂ ಬೇರ್ಪಡುತ್ತದೆ. ಹೊರಡುವಾಗ ಕ್ಲೋರಿನ್ ಅನ್ನು ಜೊತೆಗೊಯ್ಯುತ್ತದೆ. ಸೀಸ, ಸತುಗಳಿಗೆ ಕ್ಲೋರೈಡ್ ಜೊತೆ ಸುಲಭವಾಗಿ ಬೆಸೆಯುವ ಗುಣವಿರುವುದರಿಂದ ಅವೂ ಆ ಬಿಸಿ ಉಪ್ಪುನೀರಿಗೆ ಸೇರುತ್ತವೆ. ಇದು ಬರೀ ಊಹೆಯಲ್ಲ. ಹರಳುಗಳು ಬೆಳೆಯುವಾಗ ಅವುಗಳೊಳಗೆ ಸಿಕ್ಕಿಬಿದ್ದ ಆ ನೀರಿನ ಸೂಕ್ಷ್ಮ ಹನಿಗಳನ್ನು ಇಂದು ಲೇಸರ್‌ನಿಂದ ತೆರೆದು, ಒಳಗಿನ ಲೋಹವನ್ನು ಅಳೆಯುತ್ತಾರೆ.

ಆದರೆ ಹೊತ್ತು ತಂದ ಲೋಹವನ್ನು ನೀರು ಒಂದೆಡೆ ಇಳಿಸದಿದ್ದರೆ ಅದಿರಿಲ್ಲ. ಲೆಡ್‌ವಿಲ್‌ನಲ್ಲಿ ದಾರಿಗಡ್ಡ ನಿಂತದ್ದು ಸುಮಾರು 35 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಶೇಖರವಾದ ಸುಣ್ಣಶಿಲೆ, ಡಾಲಮೈಟ್‌ಗಳ ಪದರ. ಆಮ್ಲೀಯ ನೀರು ಅದನ್ನು ಮುಟ್ಟಿದಾಗ, ನಿಂಬೆರಸ ಬಿದ್ದ ಸುಣ್ಣಕಲ್ಲಿನಂತೆ ಬಂಡೆ ಕರಗಿತು, ನೀರಿನ ಆಮ್ಲ ಇಳಿಯಿತು, ಲೋಹಗಳು ಕ್ಲೋರೈಡ್ ತೊರೆದು ಗಂಧಕವನ್ನು ಹಿಡಿದವು. ಕರಗಿದ ಬಂಡೆಯ ಜಾಗದಲ್ಲಿ ಸೀಸದ ಗ್ಯಾಲೀನಾ, ಸತುವಿನ ಸ್ಫಾಲರೈಟ್ ಕೂತವು. ತೊಳೆಗಾರರನ್ನು ಕಾಡಿದ ಮರಳು ಇಂಥ ಅದಿರು ಗಾಳಿಮಳೆಗೆ ಸಿಕ್ಕಿ ಕಾರ್ಬೊನೇಟ್ ಆದ ರೂಪ.

ಹೆಚ್ಚುಕಡಿಮೆ ಆ ಸುಣ್ಣಬಂಡೆಯಷ್ಟೇ ಹಳೆಯದಾದ ಅದಿರು ಇದು ಎಂದು 20ನೇ ಶತಮಾನದಲ್ಲೂ ಕೆಲವರು ವಾದಿಸಿದ್ದುಂಟು. ಅದರ ವಿರುದ್ಧದ ಸಾಕ್ಷ್ಯ ಗಟ್ಟಿಯಾಗಿದೆ: ಅದಿರಿನ ವಯಸ್ಸು ಸುಮಾರು 4 ಕೋಟಿ ವರ್ಷ ಮಾತ್ರ, ಅದು ಪೋರ್ಫಿರಿಗಳು ನುಗ್ಗಿದ ನಂತರದ್ದು. ಜೊತೆಗೆ ಬಿಸಿಯ ಕೇಂದ್ರವಾಗಿದ್ದ ಬ್ರೀಸ್ ಹಿಲ್ ಬಳಿ ಚಿನ್ನ, ತಾಮ್ರ. ದೂರ ಸರಿದಂತೆ ಸತು, ಸೀಸ, ಬೆಳ್ಳಿ. ತಣಿಯುತ್ತ ಸಾಗಿದ ನೀರಿನ ಜಾಡು ಅದು. ಹೀಗಾಗಿ ಇಂಥ ನಾಡುಗಳಲ್ಲಿ ಸೀಸ-ಸತು ಸಿಕ್ಕವರು, ಒಳಮುಖವಾಗಿ ಹೋದರೆ ತಾಮ್ರವಿದೆಯೇ ಎಂದು ನೋಡುತ್ತಾರೆ.

ಎಲ್ಲ ಸೀಸ-ಸತುವಿಗೂ ಶಿಲಾರಸವೇ ತವರೆನ್ನುವುದು ಮಾತ್ರ ತಪ್ಪು. ರಾಜಸ್ಥಾನದ ರಾಂಪುರಾ ಆಗೂಚಾದ ಅದಿರು ಪ್ರಾಚೀನ ಸಮುದ್ರತಳದ ಕೆಸರಿನೊಂದಿಗೆ ಬಿಸಿ ಉಪ್ಪುನೀರಿನಿಂದ ಶೇಖರವಾಗಿ, ಬಳಿಕ ಭೂಮಿಯಾಳದ ಕಾವಿಗೆ ರೂಪಾಂತರಗೊಂಡದ್ದೆಂದು ಬಹುತೇಕ ಭೂವಿಜ್ಞಾನಿಗಳ ಅಭಿಮತ. ಆದ್ದರಿಂದ ಅಲ್ಲಿ ಹುಡುಕುವವರ ಕಣ್ಣು ತಣಿದ ಶಿಲಾರಸದ ಅಂಚಿನ ಮೇಲಲ್ಲ, ಆ ಹಳೆಯ ಕೆಸರಿನ ಪದರಗಳ ಮೇಲಿರುತ್ತದೆ.