ಮೆಟ್ಟಿಲ ಮೇಲಿನ ಪಂಚಾಂಗ: ಸಂತೆಬೆನ್ನೂರಿನ ಹೊಂಡ, ರುಮಾಲೆಯವರ ಬೆಂಗಳೂರು

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿರುವ ಪುಷ್ಕರಣಿಯನ್ನು ಊರಿನವರು ಹೊಂಡವೆಂದೇ ಕರೆಯುತ್ತಾರೆ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕನು 16ನೇ ಶತಮಾನದಲ್ಲಿ ರಂಗನಾಥನ ದೇವಾಲಯದ ಎದುರು ಕಟ್ಟಿಸಿದ ಈ ಹೊಂಡದ ನಡುವೆ, ನೀರಿನಿಂದಲೇ ಎದ್ದು ನಿಂತಂತೆ ಕಾಣುವ ವಸಂತ ಮಂಟಪವಿದೆ. ಸುತ್ತಲೂ ಅಷ್ಟದಿಕ್ಪಾಲಕರ ಹೆಸರಿನಲ್ಲಿ ಕಟ್ಟಿದ ಎಂಟು ಸಣ್ಣ ಮಂಟಪಗಳಲ್ಲಿ ಕೆಲವು ಅಳಿದು, ಉಳಿದವು ಇಂದಿಗೂ ನಿಂತಿವೆ. 17ನೇ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಊರನ್ನು ಗೆದ್ದ ಮೇಲೆ ದೇವಾಲಯವಿದ್ದೆಡೆ ಮುಸಾಫಿರ್‌ಖಾನೆ ಎದ್ದಿತು, ನಾಯಕರ ಮನೆತನವು ಮುಂದೆ ತರೀಕೆರೆಯಲ್ಲಿ ನೆಲೆಯೂರಿತು, ರಾಜಧಾನಿಯಾಗಿದ್ದ ಊರು ಸಂತೆಯ ಊರಾಗಿ ಉಳಿಯಿತು. ಈ ಇತಿಹಾಸವನ್ನು ಹೇಳುವ ಬರಹಗಳು ಸಾಕಷ್ಟಿವೆ. ಇಲ್ಲಿ ಬೀಳುವ ಬೆಳಕಿನ ಬಗ್ಗೆ, ಅದನ್ನು ಚಿತ್ರಿಸಬಯಸುವವರ ಕಣ್ಣಿನ ಬಗ್ಗೆ ಬಂದ ಮಾತು ಮಾತ್ರ ಬಹಳ ಕಡಿಮೆ.

ಐತಿಹಾಸಿಕ ಊರಿನ ಬೆಳಕನ್ನು ಚಿತ್ರಿಸುವುದೆಂದರೆ ಏನು ಎಂಬುದನ್ನು ತಿಳಿಯಲು ಕನ್ನಡ ನಾಡಿನಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು (1910–1988) ಎಳೆಯ ವಯಸ್ಸಿನಲ್ಲಿ ಚಿತ್ರಕಲೆ ಕಲಿತರೂ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿ, ಶಾಸಕರಾಗಿ ದುಡಿದು, ದಶಕಗಳ ಬಿಡುವಿನ ನಂತರ ಮತ್ತೆ ಕುಂಚ ಹಿಡಿದವರು. ಆಮೇಲೆ ಅವರು ಹೆಚ್ಚಾಗಿ ಬರೆದದ್ದು ಬೆಂಗಳೂರಿನ ಉದ್ಯಾನಗಳನ್ನು, ರಸ್ತೆಬದಿಯ ಹೂಮರಗಳನ್ನು, ಆ ಮರಗಳಡಿಯ ನೆರಳನ್ನು. ಸ್ಥಳದಲ್ಲೇ ಕುಳಿತು, ತೈಲವರ್ಣವನ್ನು ಸಣ್ಣ ಸಣ್ಣ ದಪ್ಪ ಏಟುಗಳಲ್ಲಿ ಒಂದರ ಪಕ್ಕದಲ್ಲೊಂದು ಇಡುತ್ತಾ ಹೋಗುವುದು ಅವರ ಕ್ರಮವಾಗಿತ್ತು. ಬಣ್ಣಗಳು ಹಲಗೆಯ ಮೇಲೆ ಬೆರೆಯುವ ಬದಲು ನೋಡುವವರ ಕಣ್ಣಿನಲ್ಲಿ ಬೆರೆಯುವುದರಿಂದ ಇಡೀ ಚಿತ್ರ ಬಿಸಿಲಿನಲ್ಲಿ ಅದುರಿದಂತೆ ಕಾಣುತ್ತದೆ.

ಆದರೆ ಅವರ ಹೆಚ್ಚುಗಾರಿಕೆ ಬಣ್ಣದ ದಪ್ಪದಲ್ಲಷ್ಟೇ ಇಲ್ಲ. ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಕ್ರುಂಬಿಗಲ್ ಅವರು ಒಂದು ಜಾತಿಯ ಮರ ಹೂವು ಮುಗಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಗಿಡ ನೆಡಿಸುವ ಕ್ರಮವನ್ನು ರೂಢಿಸಿದ್ದರು. ಜಕರಂಡದ ನೇರಳೆ ಬೇಸಿಗೆಯ ಬಾಗಿಲಲ್ಲಿ ಬರುತ್ತದೆ, ಗುಲ್‌ಮೊಹರಿನ ಕೆಂಪು ಬೇಸಿಗೆ ಕಾದ ಮೇಲೆ. ಹೀಗಾಗಿ ರುಮಾಲೆಯವರ ಚಿತ್ರವೊಂದರ ಮುಂದೆ ನಿಂತವರು ಅಲ್ಲಿರುವ ಹೂವಿನಿಂದ ತಿಂಗಳನ್ನೂ, ನೆಲದ ಮೇಲಿನ ನೆರಳಿನಿಂದ ಹೊತ್ತನ್ನೂ ಓದಬಹುದು. ಅವರ ಬೆಂಗಳೂರು ಒಂದು ಪಂಚಾಂಗ. ಬೆಳಕೆಂದರೆ ಅಲ್ಲಿ ಅಲಂಕಾರವಲ್ಲ, ಕಾಲ. ಫ್ರಾನ್ಸಿನ ಕ್ಲೋದ್ ಮೋನೆ 1890ರ ದಶಕದ ಮೊದಲ ವರ್ಷಗಳಲ್ಲಿ ರುಆನ್ ನಗರದ ಕೆಥೆಡ್ರಲಿನ ಒಂದೇ ಮುಖವನ್ನು ಮೂವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬರೆದು ತೋರಿಸಿದ್ದು ಇದನ್ನೇ: ಕಲ್ಲು ಒಂದೇ, ಬೆಳಗು ಮತ್ತು ಮಂಜು ಬೇರೆ ಬೇರೆ.

ಸಂತೆಬೆನ್ನೂರಿನಲ್ಲಿ ಪಂಚಾಂಗ ಹೂವಿನಲ್ಲಿಲ್ಲ, ಮೆಟ್ಟಿಲಿನಲ್ಲಿದೆ. ಹೊಂಡದ ನಾಲ್ಕೂ ದಿಕ್ಕಿನಿಂದ ಕಲ್ಲಿನ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಪ್ರತಿ ಮೆಟ್ಟಿಲಿಗೂ ಕಾಲಿಡುವ ಹಾಸು ಒಂದು, ಅದರ ಕೆಳಗೆ ನೆಟ್ಟಗೆ ನಿಂತ ಮುಖ ಒಂದು. ಹಾಸು ಆಕಾಶವನ್ನು ನೋಡುವುದರಿಂದ ಹಗಲಿನಲ್ಲಿ ಬಹುಮಟ್ಟಿಗೆ ಬೆಳ್ಳಗಿರುತ್ತದೆ; ಮುಖದ ಪಾಡು ಸೂರ್ಯನಿರುವ ಕಡೆಯನ್ನು ಅವಲಂಬಿಸಿರುತ್ತದೆ. ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 52 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ, ದಕ್ಷಿಣಕ್ಕೆ ಮುಖ ಮಾಡಿದ ಉತ್ತರ ದಡದ ಮೆಟ್ಟಿಲುಗಳು ಪೂರ್ತಿ ಬೆಳಗಿ ಗೆರೆಗಳೇ ಕಾಣದಂತಾಗುತ್ತವೆ, ಎದುರು ದಡದಲ್ಲಿ ಮಾತ್ರ ಬಿಳಿ ಹಾಸು, ಕಪ್ಪು ಮುಖ, ಮತ್ತೆ ಬಿಳಿ, ಮತ್ತೆ ಕಪ್ಪು ಎಂದು ಪಟ್ಟೆ ಮೂಡುತ್ತದೆ. ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕಾರಣ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ. ಆ ನಡುಹಗಲಿನಲ್ಲಿ ನಾಲ್ಕೂ ದಡದ ಪಟ್ಟೆಗಳು ಒಂದೇ ಸಮನಾಗುತ್ತವೆ, ಮಂಟಪದ ನೆರಳು ಮಂಟಪದ ಕಾಲಡಿಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರದ ಕಡೆಗಿರುವುದರಿಂದ, ಡಿಸೆಂಬರಿನಲ್ಲಿ ಕತ್ತಲಾಗಿದ್ದ ದಕ್ಷಿಣ ದಡದ ಮುಖಗಳ ಮೇಲೆ ಬಿಸಿಲು ಓರೆಯಾಗಿ ಸವರಿ ಉಳಿಯ ಗುರುತನ್ನೂ, ಕಲ್ಲಿನ ಒರಟನ್ನೂ ಎತ್ತಿ ತೋರಿಸುತ್ತದೆ. ಇದನ್ನು ಕಾಣಲು ಮುಂಗಾರಿನ ಮೋಡ ಕವಿಯುವ ಮೊದಲಿನ ಐದಾರು ವಾರಗಳಷ್ಟೇ ಸಿಗುತ್ತವೆ.

ನೀರಿನ ಲೆಕ್ಕ ಬೇರೆ. ದಡದ ಅಂಚಿನಲ್ಲಿ ನಿಂತು ನೇರ ಕೆಳಕ್ಕೆ ನೋಡಿದರೆ ನೀರು ತನ್ನ ಹಸಿರನ್ನೂ ಮುಳುಗಿದ ಮೆಟ್ಟಿಲನ್ನೂ ತೋರಿಸುತ್ತದೆ. ದೃಷ್ಟಿ ದೂರಕ್ಕೆ, ಮಟ್ಟಸವಾಗಿ ಹರಿದಷ್ಟೂ ಅದೇ ನೀರು ಕನ್ನಡಿಯಾಗುತ್ತದೆ. ಆ ಕನ್ನಡಿಯೂ ಪೂರ್ತಿ ಪ್ರಾಮಾಣಿಕವಲ್ಲ: ಬೆಳಗಿದ ವಸ್ತುವಿನ ಬಿಂಬ ನೀರಿನಲ್ಲಿ ಒಂದಿಷ್ಟು ಮಂಕಾಗುತ್ತದೆ, ಕಪ್ಪಾದದ್ದರ ಬಿಂಬ ಒಂದಿಷ್ಟು ತಿಳಿಯಾಗುತ್ತದೆ. ವಸಂತ ಮಂಟಪದ ಕಲ್ಲಿನ ತಳ ಬೂದುನೀಲಿಯಾಗಿ ಬೆಳಕನ್ನು ಹೀರುತ್ತದೆ, ಇಟ್ಟಿಗೆ ಮತ್ತು ಗಾರೆಯ ಮೇಲ್ಭಾಗ ಅದೇ ಬೆಳಕನ್ನು ಮೃದುವಾಗಿ ಹರಡುತ್ತದೆ. ಇವೆರಡನ್ನೂ ಒಂದೇ ಬೂದುಬಣ್ಣದಲ್ಲಿ ಮುಗಿಸಿದ ಚಿತ್ರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹೊಂಡವನ್ನು ನೋಡಿಲ್ಲವೆಂದೇ ಹೇಳಬೇಕಾಗುತ್ತದೆ.

ಇಲ್ಲಿ ನೆನೆಯಬೇಕಾದ ಇನ್ನೊಬ್ಬರು ಮೈಸೂರಿನ ಕೆ. ವೆಂಕಟಪ್ಪನವರು (1886–1965). ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರು 1926ರ ಸುಮಾರಿಗೆ ಊಟಿಯಲ್ಲಿ ಬರೆದ ಜಲವರ್ಣಗಳಲ್ಲಿ, ಮುಂಗಾರಿನ ಮೋಡ ಒಡೆದು ಬೆಳಕು ಇಳಿಯುವ ಗಳಿಗೆಯನ್ನು ಹಿಡಿದಿದ್ದಾರೆ. ಜಲವರ್ಣದಲ್ಲಿ ಬೆಳಕೆಂದರೆ ಮೇಲೆ ಹಚ್ಚುವ ಬಿಳಿಯಲ್ಲ, ತೆಳುವಾದ ಬಣ್ಣದ ಅಡಿಯಿಂದ ಹೊಳೆಯುವ ಕಾಗದ. ರುಮಾಲೆಯವರು ಬೆಳಕನ್ನು ಇಟ್ಟರೆ ವೆಂಕಟಪ್ಪನವರು ಬೆಳಕನ್ನು ಉಳಿಸಿದರು. ಸಂತೆಬೆನ್ನೂರಿನ ಬಿಸಿಲಿಗೆ ಮೊದಲನೆಯವರ ಕೈ ಒದಗುತ್ತದೆ, ಹೊಂಡದ ಮುಂಜಾನೆಗೆ ಎರಡನೆಯವರದು.

ಹತ್ತಿರದ ತಾಲ್ಲೂಕುಗಳ ಬೆಳಕು ಮತ್ತೆ ಬೇರೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರು ಹರಿಯುವುದರಿಂದ ಬಿಂಬ ನಿಲ್ಲದೆ ಉದ್ದುದ್ದ ಚೂರಾಗುತ್ತದೆ. ನ್ಯಾಮತಿಯ ತೀರ್ಥರಾಮೇಶ್ವರದಲ್ಲಿ ಎಲೆಗಳ ನಡುವೆ ಸೋಸಿ ಬಂದ ಬಿಸಿಲಿಗೆ ಹಸಿರು ಅಂಟಿರುತ್ತದೆ. ಮಳೆ ಕಡಿಮೆಯಿರುವ ಜಗಳೂರಿನಲ್ಲಿ ಬೇಸಿಗೆಯ ಧೂಳು ಆಕಾಶದ ನೀಲಿಯನ್ನು ಬೆಳ್ಳಗೆ ಮಾಡಿ ಕೊಡದಗುಡ್ಡದಂಥ ಬೆಟ್ಟಗಳ ಅಂಚನ್ನು ಕರಗಿಸುತ್ತದೆ. 1964ರಿಂದ ಚಿತ್ರಕಲೆಯನ್ನು ಕಲಿಸುತ್ತಾ ಬಂದಿರುವ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಇವೆಲ್ಲವೂ ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲಿವೆ.

ಹೊಂಡದ ಚಿತ್ರಗಳು, ಫೋಟೊಗಳು ಬಹುಪಾಲು ಸಂಜೆಯ ಹೊಂಬಣ್ಣದಲ್ಲೇ ಇರುವುದು ಈ ದೃಷ್ಟಿಯಿಂದ ದೊಡ್ಡ ಕೊರತೆ. ಸಂಜೆ ಎಲ್ಲ ಕಲ್ಲನ್ನೂ ಚಿನ್ನವಾಗಿಸುತ್ತದೆ, ಹಂಪಿಯನ್ನೂ ಸಂತೆಬೆನ್ನೂರನ್ನೂ ಒಂದೇ ಆಗಿಸುತ್ತದೆ. ಉತ್ತರ ದಡದಲ್ಲಿ, ಒಂದೇ ಮೆಟ್ಟಿಲ ಮೇಲೆ ಕುಳಿತು, ತಿಂಗಳಿಗೊಂದರಂತೆ ನಡುಹಗಲಿನ ಹನ್ನೆರಡು ಚಿತ್ರಗಳನ್ನು ಬರೆಯುವವರು ಬಂದರೆ, ಎದುರು ದಡದ ಹಾಸುಗಳ ಮೇಲೆ ಬಿದ್ದ ಮುಖದ ನೆರಳು ಜನವರಿಯಿಂದ ತಿಂಗಳು ತಿಂಗಳಿಗೆ ಸಣ್ಣದಾಗುತ್ತಾ ಬಂದು, ಏಪ್ರಿಲ್ ಕೊನೆಯಲ್ಲಿ ಕೂದಲೆಳೆಯಾಗಿ, ಮೇ ತಿಂಗಳಲ್ಲಿ ಅವರು ಕುಳಿತ ಮೆಟ್ಟಿಲಿನ ಕೆಳಗೇ ಮೂಡುವುದನ್ನು ಕಾಣುತ್ತಾರೆ.