ಎರಡು ತಿರುಳಿನ ಪೆಂಟಿಯಮ್

ಪೆಂಟಿಯಮ್ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯ 'ಪೆಂಟೆ', ಅಂದರೆ ಐದು. ಸಂಸ್ಕೃತದ 'ಪಂಚ'ಕ್ಕೆ ಅದು ದಾಯಾದಿ. ಇಂಟೆಲ್ ಸಂಸ್ಥೆಯು ತನ್ನ ಐದನೆಯ ಪೀಳಿಗೆಯ ಸಂಸ್ಕಾರಕಕ್ಕೆ, ಎಂದರೆ ಪ್ರೊಸೆಸರಿಗೆ, 1993ರಲ್ಲಿ ಈ ಹೆಸರನ್ನಿಟ್ಟಿತು. ಬರಿಯ ಅಂಕಿಗಳನ್ನು ವ್ಯಾಪಾರಮುದ್ರೆಯಾಗಿ ಕಾಯ್ದುಕೊಳ್ಳಲು ಬಾರದೆಂಬುದೇ ಅದಕ್ಕೆ ಕಾರಣ. ಅಂದು ಶ್ರೇಷ್ಠವಾದುದನ್ನು ಸೂಚಿಸುತ್ತಿದ್ದ ಹೆಸರು ಬರಬರುತ್ತ ಕೆಳಗಿಳಿದು ಅಗ್ಗದ ಸರಕಿಗೆ ಅಂಟಿಕೊಂಡಿತು. ಶಬ್ದಗಳ ಹೀನಾರ್ಥಪ್ರಾಪ್ತಿಯನ್ನು ಬಹುಕಾಲ ಪಾಠ ಹೇಳಿದವನಿಗೆ ಇದೇನೂ ಹೊಸದಲ್ಲ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ವಂಶದ ಒಂದು ಕುಡಿಯ ವಿಷಯ. 2017ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಪೆಂಟಿಯಮ್ ಜಿ4560. ಇಷ್ಟು ಹಳೆಯದರ ವಿಮರ್ಶೆ ಈಗೇಕೆಂದು ಕೇಳುಗರು ಪ್ರಶ್ನಿಸಬಹುದು. ನಮ್ಮೂರಿನ ವಾಚನಾಲಯದಲ್ಲಿ ಇದೇ ಸಂಸ್ಕಾರಕದ ಮೂರು ಕಂಪ್ಯೂಟರುಗಳಿವೆ. ಅವು ನಿಧಾನವೆಂದೂ, ಗುಜರಿಗೆ ಹಾಕಿ ಹೊಸವನ್ನು ತರಬೇಕೆಂದೂ ಸಮಿತಿಯಲ್ಲಿ ಮಾತು ಎದ್ದಿದೆ. ಸಮಿತಿಯಲ್ಲಿ ನಾನೂ ಒಬ್ಬ. ಹಣ ಅತ್ತ ಹೋದರೆ ಈ ವರ್ಷ ಪುಸ್ತಕಗಳ ಖರೀದಿ ಇಲ್ಲ. ಆದುದರಿಂದ ಆ ಯಂತ್ರಗಳ ಯೋಗ್ಯತೆ ಎಷ್ಟೆಂಬುದನ್ನು ತಕ್ಕಡಿಯಲ್ಲಿಟ್ಟು ನೋಡುವುದು ಅಗತ್ಯವಾಯಿತು.

ಸಂಸ್ಕಾರಕದೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕಕ್ಕೆ ಕೋರ್ ಎನ್ನುತ್ತಾರೆ, ತಿರುಳು ಎನ್ನೋಣ. ಜಿ4560ರಲ್ಲಿ ಇಂಥ ತಿರುಳುಗಳು ಎರಡು. ಅಡುಗೆಮನೆಯಲ್ಲಿ ಇಬ್ಬರು ಬಾಣಸಿಗರಿದ್ದಂತೆ. ಹುಳಿ ಕುದಿಯುವ ತನಕ ಒಳ್ಳೆಯ ಬಾಣಸಿಗ ಕೈಕಟ್ಟಿ ನಿಲ್ಲುವುದಿಲ್ಲ, ತೆಂಗಿನಕಾಯಿ ತುರಿದುಕೊಳ್ಳುತ್ತಾನೆ. ಹೀಗೆ ಒಂದು ಕೆಲಸದ ಬಿಡುವಿನಲ್ಲಿ ಮತ್ತೊಂದರ ಎಳೆಯನ್ನು ಹಿಡಿಯುವ ಏರ್ಪಾಟೇ ಹೈಪರ್ ಥ್ರೆಡಿಂಗ್. 2015ರ ಜಿ4400ರಲ್ಲಿ ಇದು ಇರಲಿಲ್ಲ. ಜಿ4560ಕ್ಕೆ ಇದು ದೊರೆತುದರಿಂದ ಎರಡು ತಿರುಳು ನಾಲ್ಕು ಎಳೆಗಳನ್ನು ನಡೆಸುವಂತಾಯಿತು. ಇಬ್ಬರು ಬಾಣಸಿಗರು ಇದರಿಂದ ನಾಲ್ವರಾಗುವುದಿಲ್ಲ, ನಿಜ. ಆದರೆ ಊಟ ಬೇಗ ಬಡಿಸುತ್ತಾರೆ. ಅದೇ ಕಾಲದ ಕೋರ್ ಐ3-7100ಕ್ಕೂ ಎರಡು ತಿರುಳು, ನಾಲ್ಕು ಎಳೆ, 3 ಮೆಗಾಬೈಟ್ ಕ್ಯಾಶೆ. ಅದರ ವೇಗ 3.9 ಗಿಗಾಹರ್ಟ್ಸ್, ಇದರದು 3.5. ಬಿಡುಗಡೆಯಾದಾಗ ಅದರ ಘೋಷಿತ ಬೆಲೆ 117 ಡಾಲರ್, ಇದರದು 64. ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಹೆಚ್ಚಿನ ವೇಗಕ್ಕಾಗಿ ಇಮ್ಮಡಿಯ ಸಮೀಪದ ಬೆಲೆ! ಅಂದು ಕೊಂಡವರು ಕೆಟ್ಟ ವ್ಯಾಪಾರ ಮಾಡಲಿಲ್ಲ.

ಕ್ಯಾಶೆ ಎಂದೆನಷ್ಟೆ. ಅದು ಓದುವವನ ಮೇಜು. ಮುಖ್ಯ ಸ್ಮೃತಿ ಪಕ್ಕದ ಕಪಾಟು. ಡಿಸ್ಕ್ ಎಂಬುದು ಬೀದಿಯಾಚೆಯ ಉಗ್ರಾಣ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ಗುಣಿತದ ಗುರುತಿಗೆ ಬೇರೆ, ವ್ಯಂಜನಕ್ಕೆ ಬೇರೆ. ಹಾಗಿದ್ದರೂ ಈ ಪುಟ್ಟ ಮೇಜಿನ ಮೇಲೆ ಸುಮಾರು 10 ಲಕ್ಷ ಚಿಹ್ನೆಗಳು ಹಿಡಿಸುತ್ತವೆ. ದೊಡ್ಡ ಕಾದಂಬರಿಯೊಂದಕ್ಕೆ ಅಷ್ಟು ಸಾಕು.

ಹಾಗಾದರೆ ನಿಧಾನವೆಲ್ಲಿಯದು? 3.5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 350 ಕೋಟಿ ಮಿಡಿತ. ನಮ್ಮ ಯಂತ್ರಗಳಲ್ಲಿರುವುದು ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಮಾದರಿಯ ಡಿಸ್ಕ್. ಬೇಕಾದ ಮಾಹಿತಿಯಿರುವ ಜಾಗ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸೆಕೆಂಡಿನ ಸಾವಿರದ ನಾಲ್ಕು ಭಾಗಕ್ಕಿಂತ ತುಸು ಹೆಚ್ಚು. ನಮಗದು ಕಣ್ಣು ಮಿಟುಕಿಸುವ ಕಾಲವೂ ಅಲ್ಲ. ಆದರೆ ಅಷ್ಟರಲ್ಲಿ ಸಂಸ್ಕಾರಕ ಸುಮಾರು 1 ಕೋಟಿ 45 ಲಕ್ಷ ಬಾರಿ ಮಿಡಿದಿರುತ್ತದೆ. ಒಂದು ಕಡತ ತೆರೆಯುವಾಗ ಇಂಥ ಕಾಯುವಿಕೆ ಹಲವು ಬಾರಿ ಒದಗುತ್ತದೆ. ಪುಸ್ತಕ ತರಲು ಹೋದ ಜವಾನ ಬಾರದಿದ್ದರೆ ಓದುವವನನ್ನು ಮಂದಬುದ್ಧಿಯವನೆನ್ನುವುದು ಯಾವ ನ್ಯಾಯ? ಒಂದು ಯಂತ್ರಕ್ಕೆ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕನ್ನು ಹಾಕಿಸಿ ನೋಡಿದೆವು. ನಿಧಾನವೆಂಬ ದೂರು ಅಲ್ಲಿಗೆ ನಿಂತಿತು. ಉದ್ಯೋಗದ ಅರ್ಜಿ ತುಂಬುವುದು, ಪತ್ರಿಕೆ ಓದುವುದು, ಕನ್ನಡದಲ್ಲಿ ಬೆರಳಚ್ಚು ಮಾಡುವುದು, ಪುಸ್ತಕಗಳ ಸೂಚಿ ನೋಡುವುದು, ಇವಕ್ಕೆ ಅದು ಧಾರಾಳವಾಗಿ ಸಾಕು.

ಎಲ್ಲಕ್ಕೂ ಸಾಕೆಂದು ನಾನು ಹೇಳಲಾರೆ. ದೊಡ್ಡ ದೊಡ್ಡ ಸಂಖ್ಯಾಶ್ರೇಣಿಗಳನ್ನು ಒಮ್ಮೆಗೇ ಲೆಕ್ಕ ಹಾಕುವ ಎವಿಎಕ್ಸ್ ಎಂಬ ಆದೇಶಗಳ ಸಮೂಹ ಐ3ರಲ್ಲಿದೆ, ಪೆಂಟಿಯಮ್ಮಿನಲ್ಲಿ ಇಲ್ಲ. ಈ ಒಂದು ಜಿಪುಣತನ ಮಾತ್ರ ನನಗೆ ಹಿಡಿಸದು. ಹಳೆಯ ಪುಸ್ತಕಗಳ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಬಲ್ಲ ಟೆಸೆರಾಕ್ಟ್ ಎಂಬ ತಂತ್ರಾಂಶ ಎವಿಎಕ್ಸ್ ಇದ್ದೆಡೆ ಅದರ ನೆರವು ಪಡೆಯುತ್ತದೆ. ಇಲ್ಲಿ ಹಳೆಯ ಆದೇಶಗಳಲ್ಲೇ ಏಗಬೇಕು. ಟೆನ್ಸರ್‌ಫ್ಲೋವಿನ ಸಿದ್ಧ ಆವೃತ್ತಿಗಳಂತೂ 2018ರಿಂದ ಎವಿಎಕ್ಸ್ ಇಲ್ಲದೆ ನಡೆಯುವುದೇ ಇಲ್ಲ. ವೀಡಿಯೊ ಸಂಕಲನ ಮಾಡುವವರು ಇತ್ತ ನೋಡದಿರುವುದು ಮೇಲು.

ಆದರೂ ಈ ಯಂತ್ರಗಳಿಗೆ ಕುತ್ತು ಬಂದಿರುವುದು ಇದಾವುದರಿಂದಲೂ ಅಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಂಗೀಕರಿಸುವ ಸಂಸ್ಕಾರಕಗಳ ಪಟ್ಟಿಯಲ್ಲಿ ಜಿ4560ರ ಹೆಸರಿಲ್ಲ. 2018ರ ಪೆಂಟಿಯಮ್ ಗೋಲ್ಡ್ ಜಿ5400 ಇದೆ. ಅದಕ್ಕೂ ತಿರುಳು ಎರಡೇ, ಎಳೆ ನಾಲ್ಕೇ, ವೇಗ 3.7 ಗಿಗಾಹರ್ಟ್ಸ್, ಕ್ಯಾಶೆ 4 ಮೆಗಾಬೈಟ್. ಭದ್ರತೆಗಾಗಿ ಎಲ್ಲಿಯಾದರೂ ಗೆರೆ ಎಳೆಯಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಆ ಗೆರೆ ಸಾಮರ್ಥ್ಯದ ಅಳತೆಗೋಲಲ್ಲ, ಅದನ್ನು ಹಾಗೆ ಓದಬಾರದು. ರಕ್ಷಣೆಯ ಪರಿಷ್ಕರಣೆಗಳು ನಿಂತುಹೋದ ವಿಂಡೋಸಿನಲ್ಲಿ ಹತ್ತು ಜನ ತಮ್ಮ ಬ್ಯಾಂಕಿನ ಗುಟ್ಟಿನ ಸಂಖ್ಯೆಗಳನ್ನು ಒತ್ತುವುದನ್ನು ಬಿಟ್ಟುಕೊಡುವಂತೆಯೂ ಇಲ್ಲ. ಲಿನಕ್ಸಿಗೆ ಈ ಪಟ್ಟಿಯ ಹಂಗಿಲ್ಲ. ಅದರಲ್ಲಿ ಕನ್ನಡದ ಬರವಣಿಗೆಗೆ ಕೊರತೆಯೂ ಇಲ್ಲ.

ಎರಡು ಯಂತ್ರಗಳಿಗೆ ಲಿನಕ್ಸನ್ನೂ ಹೊಸ ಡಿಸ್ಕನ್ನೂ ಹಾಕಿಸಿ ಇಟ್ಟುಕೊಳ್ಳಬೇಕೆಂದು ನಾನು ಬರೆದುಕೊಟ್ಟೆ, ಸಮಿತಿ ಒಪ್ಪಿತು. ಮೂರನೆಯದರಲ್ಲಿ ವಾಚನಾಲಯದ ಲೆಕ್ಕಪತ್ರದ ತಂತ್ರಾಂಶವಿದೆ. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅದೊಂದರ ಬದಲಿಗೆ ಹೊಸದನ್ನು ಕೊಳ್ಳಬೇಕಾದೀತು. ಅದನ್ನು ಪುಸ್ತಕದ ಹಣದಿಂದ ಕೊಳ್ಳಬೇಕೋ ಕಟ್ಟಡದ ನಿಧಿಯಿಂದಲೋ ಎಂಬುದು ಮುಂದಿನ ಸಭೆಯ ವಿಚಾರ.